ಮಕ್ಕಳ ಜೊತೆ ಸಕಲೇಶಪುರ: ಮೊದ್ಲು ಅಂಗಳ, ಆಮೇಲೆ ಬೆಟ್ಟ

ಮಕ್ಕಳನ್ನ ಕಟ್ಕೊಂಡು ಮಲೆನಾಡಿಗೆ ಹೋಗ್ತೀವಿ ಅಂದ್ರೆ ಎಲ್ರೂ ಮೊದ್ಲು ಕೇಳೋದು ಅಲ್ಲಿ ಏನೇನು ನೋಡೋಕಿದೆ ಅಂತ. ನಾನು ಆ ಲಿಸ್ಟನ್ನ ಕೊನೇಗೆ ಮಾಡ್ತೀನಿ. ನಮ್ಮನೇಲಿ ದೊಡ್ಡವನಿಗೆ ಒಂಬತ್ತು ವರ್ಷ, ಚಿಕ್ಕವಳಿಗೆ ಐದು, ಜೊತೆಗೆ ಮಂಡಿನೋವಿರೋ ನಮ್ಮತ್ತೆ. ಈ ಮೂರು ಜನಕ್ಕೂ ದಿನಕ್ಕೆ ಒಂದು ಕಡೆ ಹೋಗಿ ಬಂದ್ರೆ ಸಾಕು, ಮಿಕ್ಕಿದ ಹೊತ್ತೆಲ್ಲ ಉಳ್ಕೊಂಡಿರೋ ಮನೆ ಅಂಗಳದಲ್ಲೇ ಕಳೆಯೋದು, ಹಾಗಾಗಿ ನಾನು ಮೊದ್ಲು ಹುಡುಕೋದು ಅಂಗಳನೇ.

ಸಕಲೇಶಪುರನೇ ಯಾಕೆ ಅಂದ್ರೆ ನೇರ ಕಾರಣ ಒಂದಿದೆ, ಚಿಕ್ಕವಳಿಗೆ ತಿರುವಿನ ರಸ್ತೆ ಅಂದ್ರೆ ಆಗಲ್ಲ, ವಾಂತಿ. ಬೆಂಗಳೂರಿಂದ ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ ದಾಟಿ ಸುಮಾರು 220 ಕಿ.ಮೀ., ಶಿರಾಡಿ ಘಾಟಿ ಶುರು ಆಗೋದೇ ಸಕಲೇಶಪುರ ದಾಟಿದ ಮೇಲೆ. ಅಂದ್ರೆ ಘಾಟಿ ಹತ್ತದೇ ಇಳಿಯದೇ ಮಲೆನಾಡಿನ ಬಾಗಿಲಿಗೆ ಹೋಗಿ ನಿಂತ್ಕೋಬೋದು. ಚಿಕ್ಕಮಗಳೂರಿನ ಬೆಟ್ಟಗಳು ಚಂದನೇ, ಇಲ್ಲ ಅನ್ನಲ್ಲ, ಆದ್ರೆ ಮುಳ್ಳಯ್ಯನಗಿರಿ ದಾರೀಲಿ ವೀಕೆಂಡ್ ಕಾರುಗಳ ಸಾಲಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಕಾಯೋದಕ್ಕೆ ನನಗಂತೂ ತಾಳ್ಮೆ ಇಲ್ಲ.

ತಿಂಗಳು ಡಿಸೆಂಬರ್ ಮೊದಲ ವಾರ ಇಟ್ಕೊಂಡ್ವಿ. ಕ್ರಿಸ್‌ಮಸ್ ರಜೆ ಅಲ್ಲ, ಆಗ ರೇಟೂ ಜಾಸ್ತಿ ಜನಾನೂ ಜಾಸ್ತಿ. ಮಳೆಗಾಲದ ಹಸಿರು ಫೋಟೋದಲ್ಲಿ ಸೂಪರ್, ಆದ್ರೆ ಮಕ್ಕಳು ಇಡೀ ದಿನ ಒಳಗೇ ಕೂರ್ಬೇಕು, ಬಟ್ಟೆ ಒಣಗಲ್ಲ, ಇಂಬಳ ಬೇರೆ. ರಸ್ತೆದೂ ನಂಬಿಕೆ ಇಲ್ಲ, 2024ರ ಜುಲೈಯಲ್ಲಿ ದೊಡ್ಡತಪ್ಪಲೆ ಹತ್ರ ಗುಡ್ಡ ಕುಸಿದು ಶಿರಾಡಿ ರಸ್ತೆ ಬಂದ್ ಆಗಿದ್ದು ನೆನಪಿರ್ಬೋದು. ಡಿಸೆಂಬರಲ್ಲಿ ಬೆಳಿಗ್ಗೆ ಮಂಜು, ಹತ್ತು ಗಂಟೆ ಮೇಲೆ ಒಳ್ಳೇ ಬಿಸಿಲು, ಜೊತೆಗೆ ಅರೇಬಿಕಾ ಕೊಯ್ಲು ನಡೀತಿರುತ್ತೆ. ಈ ಕೊಯ್ಲಿನ ವಿಷಯ ಆಮೇಲೆ ಹೇಳ್ತೀನಿ, ನಮ್ಮ ಟ್ರಿಪ್ಪಲ್ಲಿ ಅರ್ಧ ಅದೇ.

ಹೋಂಸ್ಟೇ ಬುಕ್ ಮಾಡೋ ಮುಂಚೆ ನಾನು ಫೋಟೋ ನೋಡಿ ನಿರ್ಧಾರ ಮಾಡಲ್ಲ, ಫೋನ್ ಮಾಡಿ ಮಾತಾಡ್ತೀನಿ. ಕೇಳೋದು ಇಷ್ಟು: ಮನೆ ಮುಂದೆ ಮಕ್ಕಳು ಓಡೋಷ್ಟು ಜಾಗ ಇದ್ಯಾ, ಪಕ್ಕದಲ್ಲಿ ಕೆರೆ ಹಳ್ಳ ಏನಾದ್ರೂ ಇದ್ಯಾ, ಇದ್ರೆ ಬೇಲಿ ಹಾಕಿದೀರಾ, ನಾಯಿ ಕಟ್ಟಿರ್ತೀರಾ ಬಿಟ್ಟಿರ್ತೀರಾ, ಕರೆಂಟ್ ಹೋದ್ರೆ ಬಿಸಿನೀರಿಗೆ ಏನು ಮಾಡ್ತೀರಾ, ಅತ್ತೆಗೆ ಮೆಟ್ಟಿಲು ಎಷ್ಟು ಹತ್ತಬೇಕು, ಮುಖ್ಯ ರಸ್ತೆಯಿಂದ ಎಸ್ಟೇಟಿನೊಳಗೆ ನಮ್ಮ ಸಣ್ಣ ಕಾರು ಬರುತ್ತಾ ಇಲ್ಲ ಜೀಪೇ ಬೇಕಾ. ಇನ್ನೊಂದು ಇದೆ, ಅದನ್ನ ಕೇಳೋಕೆ ನನಗೆ ಸಂಕೋಚ ಆಗಲ್ಲ, ಆ ದಿನಗಳಲ್ಲಿ ಬೇರೆ ಗ್ರೂಪ್ ಇದ್ಯಾ, ರಾತ್ರಿ ಕ್ಯಾಂಪ್‌ಫೈರ್ ಹೆಸರಲ್ಲಿ ಸ್ಪೀಕರ್ ಹಾಕ್ತಾರಾ ಅಂತ. ಈಜುಕೊಳ ಇದೆ ಮೇಡಂ ಅಂತ ಹೆಮ್ಮೆಯಿಂದ ಹೇಳಿದ ಕಡೆ ನಾನು ಬೇಡ ಅಂದೆ, ಯಾಕಂದ್ರೆ ಕೊಳ ಇದ್ರೆ ದೊಡ್ಡೋರಲ್ಲಿ ಒಬ್ರು ಇಡೀ ದಿನ ಅಲ್ಲೇ ಕಾವಲು ಕೂರ್ಬೇಕಾಗುತ್ತೆ.

ನಮಗೆ ಸಿಕ್ಕಿದ್ದು ಹಳೇ ಹೆಂಚಿನ ಮನೆ, ಗಂಡ ಹೆಂಡ್ತಿ ತಾವೇ ಪಕ್ಕದಲ್ಲಿ ಇರ್ತಾರೆ, ಮುಂದೆ ಕಾಫಿ ಒಣಗಿಸೋ ಕಣ. ಆ ಗೌಡ್ರು ಫೋನಲ್ಲೇ ಒಂದು ಮಾತು ಹೇಳಿದ್ರು, "ನೋಡಕ್ಕಾ, ಸಂಜೆ ಆರರ ಒಳಗೆ ಗೇಟ್ ಒಳಗಿರ್ಬೇಕು, ಬೆಳಿಗ್ಗೆ ನನ್ನ ಕೇಳ್ದೆ ತೋಟದೊಳಗೆ ವಾಕಿಂಗ್ ಹೋಗ್ಬೇಡಿ, ಆನೆ ಓಡಾಡ್ತವೆ." ಆ ಮಾತು ಕೇಳಿದ್ಮೇಲೇ ನಾನು ಅಡ್ವಾನ್ಸ್ ಕಳ್ಸಿದ್ದು. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆ ಕಾಟ ನಿಜವಾದ್ದು, ಪ್ರತಿ ವರ್ಷ ತೋಟದ ಕೆಲಸಗಾರರ ಜೀವ ಹೋಗ್ತಿದೆ, ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯೋರು ಮೊಬೈಲಿಗೆ ಮೆಸೇಜ್ ಕಳ್ಸ್ತಾರೆ, ಊರೋರು ವಾಟ್ಸಾಪಲ್ಲಿ ಹಂಚ್ಕೊತಾರೆ. "ಆನೆ ನೋಡ್ಬೋದು ಬನ್ನಿ" ಅಂತ ಕರೆಯೋ ಹೋಂಸ್ಟೇಗಿಂತ ಒಳಗಿರಿ ಅಂತ ಗದರೋ ಗೌಡ್ರೇ ನಮಗೆ ಬೇಕಾಗಿದ್ದು.

ಹೋಗೋ ದಿನ ಬೆಳಿಗ್ಗೆ ಐದೂವರೆಗೆ ಹೊರಟ್ವಿ, ಮಕ್ಕಳನ್ನ ನಿದ್ದೇಲೇ ಎತ್ತಿ ಕಾರಲ್ಲಿ ಹಾಕಿದ್ದು. ಚಿಕ್ಕವಳಿಗೆ ಹಾಲು ಕೊಡ್ಲಿಲ್ಲ, ಮಂಡಕ್ಕಿ, ಒಣ ಬಿಸ್ಕೆಟ್, ಮೂಸಿ ನೋಡೋಕೆ ಒಂದು ನಿಂಬೆಹಣ್ಣು, ಅಷ್ಟೇ. ಹಾಸನದಲ್ಲಿ ಸರಿಯಾಗಿ ತಿಂಡಿ. ಬೇಲೂರು ಹಳೇಬೀಡು ಅಲ್ಲೇ ಪಕ್ಕ ಇದೆ, 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದಾವೆ, ನಮ್ಮನೆಯವ್ರು ಒಂದು ರೌಂಡ್ ಹಾಕ್ಕೊಂಡು ಹೋಗಣ ಅಂದ್ರು, ನಾನು ಇನ್ನೊಂದು ಸಲ ಅಂದೆ. ಅಲ್ಲಿಗೆ ಅಂತಲೇ ಒಂದು ದಿನ ಇಟ್ಕೊಂಡು ಹೋಗ್ಬೇಕು, ದಾರೀಲಿ ಸಿಕ್ತು ಅಂತ ಬಿಸಿಲಲ್ಲಿ ಬರಿಗಾಲಲ್ಲಿ ಮಕ್ಕಳನ್ನ ಎಳೆದಾಡಿದ್ರೆ ಅವ್ರಿಗೆ ದೇವಸ್ಥಾನ ಅಂದ್ರೇನೇ ಬೇಜಾರಾಗುತ್ತೆ.

ಮಧ್ಯಾಹ್ನಕ್ಕೆ ಮನೆ ಸೇರಿದ್ವಿ, ಆ ದಿನ ಮತ್ತೆ ಗಾಡಿ ಮುಟ್ಟಲಿಲ್ಲ. ಗೌಡ್ರ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಮನೆ ಹಿಂದಿನ ಗಿಡಗಳ ಹತ್ರ ಹೋದ್ರು, ಕೆಂಪಗೆ ಹಣ್ಣಾಗಿರೋ ಕಾಫಿ ಹಣ್ಣು ಮಾತ್ರ ಕೀಳ್ಬೇಕು, ಹಸಿರು ಬಿಡ್ಬೇಕು ಅಂತ ಹೇಳ್ಕೊಟ್ರು. ಒಂದು ಹಣ್ಣು ಹಿಚುಕಿ ಬಾಯಿಗೆ ಹಾಕ್ಕೊಂಡ್ರೆ ಸಿಹಿ ಲೋಳೆ, ಒಳಗೆ ಎರಡು ಬೀಜ. ಕಾಫಿ ಕಹಿ ತಾನೇ, ಇದ್ಯಾಕೆ ಸಿಹಿ ಅಂತ ಮಗ ಕೇಳಿದ್ದೇ ಕೇಳಿದ್ದು. ಸಂಜೆ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಶುರು ಮಾಡಿದ್ರು, ಸಿಪ್ಪೆ ಒಂದು ಕಡೆ ಬೀಜ ಒಂದು ಕಡೆ ಬೀಳೋದನ್ನ ಇಬ್ರೂ ಅಲ್ಲಾಡದೇ ನೋಡ್ತಾ ನಿಂತಿದ್ರು, ಮೊಬೈಲ್ ಕೇಳೋದು ಮರೆತೇಬಿಟ್ರು. ಆಮೇಲೆ ಸಿಲ್ವರ್ ಓಕ್ ಮರಕ್ಕೆ ಹಬ್ಬಿರೋ ಮೆಣಸಿನ ಬಳ್ಳಿ, ಬುಡದಲ್ಲಿ ಏಲಕ್ಕಿ, ಅಡುಗೆಮನೆ ಡಬ್ಬೀಲಿ ನೋಡಿದ್ದೆಲ್ಲ ಗಿಡದಲ್ಲಿ. ಅತ್ತೆ ಜಗುಲಿ ಮೇಲೆ ಕೂತು ಆ ಮನೆ ಅಜ್ಜಿ ಜೊತೆ ಹುಚ್ಚೆಳ್ಳು ಚಟ್ನಿ ಬಗ್ಗೆ ಮಾತಾಡ್ತಾ ಇದ್ರು, ಅವ್ರ ಟ್ರಿಪ್ ಅಲ್ಲಿಗೇ ಸಾರ್ಥಕ.

ಮಾರನೇ ದಿನದ್ದೇ ನಮ್ಮ ದೊಡ್ಡ ಪ್ಲಾನ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್‌ವರೆಗೆ ಘಾಟಿ ರೈಲು ಮಾರ್ಗ ಸುಮಾರು 55 ಕಿ.ಮೀ., ಅದರಲ್ಲಿ 57 ಸುರಂಗ, ನೂರು ದಾಟೋಷ್ಟು ಸೇತುವೆ. ನಾವು ಕಾಲೇಜಲ್ಲಿದ್ದಾಗ ಹುಡುಗ್ರು ಗ್ರೀನ್ ರೂಟ್ ಅಂತ ಈ ಹಳಿ ಮೇಲೇ ನಡ್ಕೊಂಡು ಹೋಗ್ತಿದ್ರು, ಈಗ ಅದು ನಿಷೇಧ, ಸರಿಯಾಗೇ ಇದೆ, ಸುರಂಗದ ಮಧ್ಯೆ ಗಾಡಿ ಬಂದ್ರೆ ಎಲ್ಲಿಗೆ ಓಡ್ತೀರಾ. ಆದ್ರೆ ಟಿಕೆಟ್ ತಗೊಂಡು ಕೂತು ಹೋಗೋಕೆ ಯಾರೂ ಬೇಡ ಅನ್ನಲ್ಲ. ಯಶವಂತಪುರದಿಂದ ಬೆಳಿಗ್ಗೆ ಹೊರಡೋ ಹಗಲು ರೈಲು ಮಧ್ಯಾಹ್ನದೊಳಗೆ ಸಕಲೇಶಪುರಕ್ಕೆ ಬರುತ್ತೆ. ವಾರದ ಒಂದೊಂದು ದಿನ ಒಂದೊಂದು ನಂಬರಿನ ಗಾಡಿ, ದಿನ ಸರಿಯಾಗಿ ನೋಡ್ಕೊಂಡು ಬುಕ್ ಮಾಡಿ, ಹಳಿ ಕೆಲಸ ಇದ್ದಾಗ ಹಗಲು ಗಾಡಿ ನಿಲ್ಲಿಸೋದೂ ಉಂಟು. 2021ರಿಂದ ಗಾಜಿನ ಚಾವಣಿ ಇರೋ ವಿಸ್ಟಾಡೋಮ್ ಬೋಗಿ ಇದೆ, ಅದು ಬೇಗ ತುಂಬೋಗುತ್ತೆ. ನಾವು ಮಾಮೂಲಿ ಸೆಕೆಂಡ್ ಸಿಟ್ಟಿಂಗ್ ತಗೊಂಡ್ವಿ, ಕಿಟಕಿ ತೆಗೆದಿಟ್ರೆ ಕಾಡಿನ ತಣ್ಣನೆ ಗಾಳಿ ಮುಖಕ್ಕೇ ಹೊಡೆಯುತ್ತೆ, ನನಗೆ ಅದೇ ಇಷ್ಟ.

ಇಲ್ಲಿ ನಾವು ಮಾಡಿದ ಉಪಾಯ ಏನಂದ್ರೆ, ನಾನೂ ಮಕ್ಕಳೂ ರೈಲು ಹತ್ತಿದ್ವಿ, ನಮ್ಮನೆಯವ್ರು ಕಾರ್ ತಗೊಂಡು ಬಿಸ್ಲೆ ಘಾಟಿ ಇಳಿದು ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ಬಂದ್ರು. ರೈಲು ಘಾಟೀಲಿ ನಿಧಾನ, ಎರಡು ಗಂಟೆ ಮೇಲೇ ಹಿಡಿಯುತ್ತೆ, ಹಾಗಾಗಿ ಕಾರಿನೋರಿಗೆ ಅವಸರ ಇಲ್ಲ. ಮಗನಿಗೆ ಒಂದು ಪೇಪರ್ ಪೆನ್ಸಿಲ್ ಕೊಟ್ಟು ಸುರಂಗ ಬಂದಾಗೆಲ್ಲ ಗೆರೆ ಹಾಕು ಅಂದಿದ್ದೆ, ಪ್ರತಿ ಸುರಂಗದಲ್ಲೂ ಇಡೀ ಬೋಗಿ ಮಕ್ಕಳು ಕೂಗೋದು, ಆ ಗಲಾಟೇಲಿ ಅವನ ಲೆಕ್ಕ 57ಕ್ಕೆ ಬರ್ಲೇ ಇಲ್ಲ, ರೈಲ್ವೆಯೋರೇ ತಪ್ಪು ಹೇಳಿರೋದು ಅಂತ ವಾದ. ಊಟಕ್ಕೆ ಗೌಡ್ರ ಮನೆಯಿಂದಲೇ ಚಿತ್ರಾನ್ನ ಕಟ್ಟಿಸ್ಕೊಂಡಿದ್ವಿ.

ವಾಪಸ್ ಬಿಸ್ಲೆ ಘಾಟಿ ಹತ್ತುವಾಗ ಚಿಕ್ಕವಳಿಗೋಸ್ಕರ ಎರಡು ಕಡೆ ನಿಲ್ಲಿಸಿದ್ವಿ, ಅದು ಮೊದ್ಲೇ ಲೆಕ್ಕದಲ್ಲಿತ್ತು. ವ್ಯೂ ಪಾಯಿಂಟಲ್ಲಿ ನಿಂತ್ರೆ ಎದುರಿಗೇ 1712 ಮೀಟರಿನ ಕುಮಾರ ಪರ್ವತ, ಕೆಳಗೆ ದಟ್ಟ ಕಾಡು. ಮಂಕನಹಳ್ಳಿ ಹತ್ರ ರಿಡ್ಜ್ ಅಂತ ಒಂದು ಹಳೇ ಕಲ್ಲಿದೆ, ಒಂದು ಪಕ್ಕ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕ ಬಂಗಾಳ ಕೊಲ್ಲಿ ಅಂತ ಇಂಗ್ಲಿಷಲ್ಲಿ ಬರ್ದಿದಾರೆ. ಈ ಕಡೆ ಬಿದ್ದ ಮಳೆ ಕುಮಾರಧಾರ, ನೇತ್ರಾವತಿ ಸೇರಿ ಮಂಗಳೂರಿಗೆ, ಆ ಕಡೆ ಬಿದ್ದಿದ್ದು ಹೇಮಾವತಿ, ಕಾವೇರಿ ಹಿಡ್ಕೊಂಡು ತಮಿಳುನಾಡು ದಾಟಿ ಪೂರ್ವದ ಸಮುದ್ರಕ್ಕೆ. ನೋಡೋಕೆ ಬರೀ ಕಲ್ಲು, ಆದ್ರೆ ಮಕ್ಕಳ ಕೈಗೆ ಬಾಟಲಿ ಕೊಟ್ಟು ಎರಡೂ ಕಡೆ ಸ್ವಲ್ಪ ನೀರು ಚೆಲ್ಲೋಕೆ ಹೇಳಿ, ಆಮೇಲೆ ಅಲ್ಲಿಂದ ಎಬ್ಬಿಸೋಕೆ ಆಗಲ್ಲ. ನಾವು ನಾಲ್ಕೂವರೆಗೆ ಹೊರಡಿಸಿದ್ವಿ, ಆರರ ಗಡುವು ಇತ್ತಲ್ಲ.

ಕೊನೇ ದಿನ ಬೆಳಿಗ್ಗೆ ಬೇಗ ಮಂಜರಾಬಾದ್ ಕೋಟೆ. ಊರಿಂದ ಮಂಗಳೂರು ಕಡೆಗೆ ಸ್ವಲ್ಪ ದೂರ, ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಒಂದು ತೊಂದರೆ ಏನಂದ್ರೆ ನೆಲದ ಮೇಲೆ ನಿಂತ್ರೆ ನಕ್ಷತ್ರ ಕಾಣಲ್ಲ, ಅದಕ್ಕೆ ಹಿಂದಿನ ರಾತ್ರಿನೇ ಮೇಲಿಂದ ತೆಗೆದ ಫೋಟೋ ತೋರ್ಸಿ ಇಬ್ರ ಕೈಲೂ ಬರೆಸಿದ್ದೆ, ಅಲ್ಲಿ ಹೋಗಿ ಒಂದೊಂದೇ ಮೂಲೆ ಹುಡುಕಿ ಟಿಕ್ ಹಾಕಿದ್ರು. ಮೆಟ್ಟಿಲು ಇನ್ನೂರು ದಾಟುತ್ತೆ, ಅತ್ತೆ ಹೋಂಸ್ಟೇನಲ್ಲೇ ಉಳ್ಕೊಂಡ್ರು. ಮಧ್ಯದಲ್ಲಿರೋ ಬಾವಿ ಹತ್ರ ಚಿಕ್ಕವರ ಕೈ ಬಿಡ್ಬೇಡಿ, ಗೋಡೆ ಮೇಲೆ ನಿಂತು ಸೆಲ್ಫಿ ಬೇಡ.

ಬ್ಯಾಗಿನ ವಿಷಯ ಜಾಸ್ತಿ ಹೇಳೋದಿಲ್ಲ. ಸ್ವೆಟರ್, ಟೋಪಿ, ತುಂಬುತೋಳಿನ ಅಂಗಿ, ಟಾರ್ಚ್, ಜ್ವರದ ಔಷಧಿ, ಓಆರ್‌ಎಸ್, ಮಾಮೂಲಿ ಚಪ್ಪಲಿ ಬಿಟ್ಟು ಒಂದೊಂದು ಜೊತೆ ಶೂ. ವಾಂತಿ ಮಾತ್ರೆ ನಿಮ್ಮ ಡಾಕ್ಟರನ್ನೇ ಕೇಳಿ ತಗೊಳ್ಳಿ. ಸ್ವಲ್ಪ ನಗದು ಇರ್ಲಿ, ನೆಟ್‌ವರ್ಕ್ ಇಲ್ಲದ ಕಡೆ ಫೋನ್‌ಪೇ ನಡೆಯಲ್ಲ.

ನಾವು ಗುರುವಾರ ಹೋಗಿ ಶನಿವಾರ ವಾಪಸ್ ಬಂದ್ವಿ. ಸ್ಕೂಲಿಗೆ ಎರಡು ದಿನ ರಜೆ ಬಿತ್ತು, ಕ್ಲಾಸ್ ಟೀಚರ್‌ಗೆ ಮೊದ್ಲೇ ಚೀಟಿ ಬರ್ದಿದ್ದೆ. ಬದಲಿಗೆ ಭಾನುವಾರ ಸಂಜೆ ನೆಲಮಂಗಲದ ಟ್ರಾಫಿಕಲ್ಲಿ ಅಳೋ ಮಗು ಇಟ್ಕೊಂಡು ಕೂರೋದು ತಪ್ತು, ಬಟ್ಟೆ ಒಗೆಯೋಕೆ, ಹೋಮ್‌ವರ್ಕ್ ಮುಗಿಸೋಕೆ ಪೂರ್ತಿ ಒಂದು ದಿನ ಮನೇಲಿ ಸಿಕ್ತು.