ದಮ್ಮಿನ ಜಡ್ಡಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವಾಗ

ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ದಮ್ಮು ಎಂದು ಕರೆಯುವ ತೊಂದರೆಯ ಹಿಂದೆ ಬೇರೆ ಬೇರೆ ರೋಗಗಳಿರಬಹುದು. ನಲವತ್ತು ದಾಟಿದವರಲ್ಲಿ ವರ್ಷಗಟ್ಟಲೆ ಕೆಮ್ಮು, ಕಫ, ನಡೆದರೆ ಏದುಸಿರು ಇದ್ದರೆ ಅದು ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಆಗಿರಬಹುದು. ಆದರೆ ಅಸ್ತಮಾ, ಹಿಂದೆ ಬಂದುಹೋದ ಕ್ಷಯ ಉಳಿಸಿದ ಹಾನಿ, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್, ಹೃದಯದ ದೌರ್ಬಲ್ಯ ಇವೂ ಹೆಚ್ಚುಕಡಿಮೆ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಹೊರಗೆ ಸರದಿ ಕಾಯುತ್ತಿರುವಾಗ ವೈದ್ಯರು ಒಬ್ಬ ರೋಗಿಗೆ ಕೊಡಬಲ್ಲ ಸಮಯ ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ರೋಗಿ ಏನು ಹೇಳುತ್ತಾರೆ, ಏನು ತೋರಿಸುತ್ತಾರೆ ಎಂಬುದರ ಮೇಲೆ ಮುಂದಿನ ಚಿಕಿತ್ಸೆ ಬಹುಮಟ್ಟಿಗೆ ನಿಂತಿರುತ್ತದೆ.

ನಮ್ಮ ಹಿರಿಯರು ವೈದ್ಯರ ಮುಂದೆ ಕುಳಿತೊಡನೆ "ಹಂಗೇನಿಲ್ರಿ, ಒಂದೀಟು ದಮ್ಮು ಬರ್ತೈತಿ" ಎಂದು ಹೇಳಿ ಸುಮ್ಮನಾಗುತ್ತಾರೆ. ಇದರಿಂದ ರೋಗದ ತೀವ್ರತೆ ತಿಳಿಯುವುದಿಲ್ಲ. ಉಸಿರಿನ ಕಷ್ಟವನ್ನು ಕೆಲಸದ ಲೆಕ್ಕದಲ್ಲಿ ಹೇಳಬೇಕು: ಹೋದ ವರ್ಷ ಹೊಲದವರೆಗೆ ನಡೆದು ಹೋಗುತ್ತಿದ್ದವರು ಈಗ ಎಲ್ಲಿ ನಿಲ್ಲುತ್ತಾರೆ, ಸಮತಟ್ಟಾದ ದಾರಿಯಲ್ಲಿ ಓರಗೆಯವರ ಜೊತೆ ಹೆಜ್ಜೆ ಹಾಕಲು ಆಗುತ್ತದೆಯೇ, ಸುಮಾರು ನೂರು ಮೀಟರ್ ನಡೆದ ಮೇಲೆ ನಿಂತು ಸುಧಾರಿಸಿಕೊಳ್ಳಬೇಕೇ, ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವಾಗಲೂ ಉಸಿರು ಸಾಲುವುದಿಲ್ಲವೇ. ವೈದ್ಯರು ಉಸಿರಾಟದ ತೊಂದರೆಯನ್ನು ದರ್ಜೆಗಳಾಗಿ ವಿಂಗಡಿಸುವುದು ಇಂಥ ಉತ್ತರಗಳಿಂದಲೇ. ರೋಗಿ ತಾವೇ ಬಿಟ್ಟುಬಿಟ್ಟ ಕೆಲಸಗಳನ್ನು ಮರೆತಿರುತ್ತಾರೆ. ಅದನ್ನು ನೆನಪಿಸಲು ಮನೆಯವರೊಬ್ಬರು ಜೊತೆಗಿರುವುದು ಒಳ್ಳೆಯದು.

ಎರಡನೆಯದು, ಎದೆಗೆ ಹೋದ ಹೊಗೆ ಮತ್ತು ಧೂಳಿನ ವಿವರ. ಬೀಡಿ ಸೇದುವವರು ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಬೀಡಿ ಮುಟ್ಟದ ಹೆಣ್ಣುಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ಗಾಳಿಯಾಡದ ಅಡುಗೆಮನೆಯಲ್ಲಿ ಹತ್ತಿಕಟ್ಟಿಗೆ, ಕುಳ್ಳು ಉರಿಸಿ ದಿನವೂ ರೊಟ್ಟಿ ಬಡಿದವರು ಆ ವರ್ಷಗಳನ್ನು ಲೆಕ್ಕಕ್ಕೆ ಸೇರಿಸಬೇಕು. ಮನೆಗೆ ಗ್ಯಾಸ್ ಬಂದ ಮೇಲೂ ರೊಟ್ಟಿಗೆ ಕಟ್ಟಿಗೆ ಒಲೆಯೇ ಇದ್ದರೆ ಅದನ್ನೂ ತಿಳಿಸಬೇಕು. ಇಳಕಲ್ಲಿನ ಗ್ರಾನೈಟ್ ಗಣಿ, ಲೋಕಾಪುರದ ಕಡೆಯ ಸುಣ್ಣದಕಲ್ಲಿನ ಕೆಲಸ, ಮಹಾಲಿಂಗಪುರದ ಸುತ್ತಿನ ಬೆಲ್ಲದ ಗಾಣ, ಇವುಗಳಲ್ಲಿ ದುಡಿದವರು ಆ ಮಾತನ್ನು ತಾವಾಗಿಯೇ ಎತ್ತಬೇಕು, ಏಕೆಂದರೆ ಕೇಳದಿದ್ದರೆ ಅದು ದಾಖಲೆಗೆ ಬರುವುದೇ ಇಲ್ಲ. ಹಿಂದೆ ಕ್ಷಯಕ್ಕೆ ಔಷಧ ತೆಗೆದುಕೊಂಡಿದ್ದರೆ ಹಳೆಯ ಚೀಟಿ, ಎದೆಯ ಎಕ್ಸ್‌ರೇ ಜೊತೆಗಿರಲಿ. ಎರಡು ವಾರ ಮೀರಿದ ಹೊಸ ಕೆಮ್ಮು, ಕಫದಲ್ಲಿ ರಕ್ತ, ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ಮೊದಲು ಕಫ ಪರೀಕ್ಷೆ ಆಗಬೇಕು. ಸರ್ಕಾರಿ ದವಾಖಾನೆಯಲ್ಲಿ ಅದು ಉಚಿತ.

ಸಿಒಪಿಡಿ ಖಚಿತವಾಗುವುದು ಊದುವ ಪರೀಕ್ಷೆಯಿಂದ, ಅಂದರೆ ಸ್ಪೈರೋಮೆಟ್ರಿಯಿಂದ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ನಂತರವೂ ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿಯು ಒಟ್ಟು ಊದಿದ ಗಾಳಿಯ 70 ಶೇಕಡಾಕ್ಕಿಂತ ಕಡಿಮೆ ಇದ್ದರೆ ನಾಳಗಳು ಕಿರಿದಾಗಿವೆ ಎಂದು ತಿಳಿಯುತ್ತಾರೆ. ಪ್ರಾಥಮಿಕ ಕೇಂದ್ರದಲ್ಲಿ ಯಂತ್ರ ಇಲ್ಲದಿದ್ದರೆ ಬಾಗಲಕೋಟೆ ಅಥವಾ ವಿಜಯಪುರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಶಿಫಾರಸು ಚೀಟಿ ಕೇಳಿ. ವರ್ಷಗಟ್ಟಲೆ ಔಷಧ ಸೇವಿಸಬೇಕಾದ ರೋಗಕ್ಕೆ ಒಮ್ಮೆಯಾದರೂ ಈ ಪರೀಕ್ಷೆ ಆಗದಿರುವುದು ಸರಿಯಲ್ಲ.

ಇನ್ನು ಪಂಪಿನ, ಅಂದರೆ ಔಷಧವನ್ನು ಉಸಿರಿನ ಜೊತೆ ಒಳಗೆಳೆಯುವ ಇನ್‌ಹೇಲರಿನ ಮಾತು. ಪಂಪು ಹಿಡಿದರೆ ಚಟವಾಗುತ್ತದೆ ಎಂಬ ಭಯ ನಮ್ಮ ಕಡೆ ಬಲವಾಗಿದೆ; ಅದು ನಿಜವಲ್ಲ. ಔಷಧ ನೇರವಾಗಿ ಶ್ವಾಸನಾಳಕ್ಕೆ ತಲುಪುವುದರಿಂದ ಗುಳಿಗೆಗಿಂತ ತೀರ ಕಡಿಮೆ ಪ್ರಮಾಣ ಸಾಕಾಗುತ್ತದೆ. "ಸಲಾಯಿನ್ ಹಚ್ಚರಿ, ಇಂಜೆಕ್ಷನ್ ಮಾಡ್ರಿ" ಎಂದು ವೈದ್ಯರನ್ನು ಒತ್ತಾಯಿಸಿ, ಎರಡು ದಿನ ಹಗುರಾಗಿ, ಮತ್ತೆ ಅದೇ ದಮ್ಮಿಗೆ ಮರಳುವವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಆದರೆ ಪಂಪು ಸರಿಯಾಗಿ ಬಳಸದಿದ್ದರೆ ಔಷಧ ಗಂಟಲಿನಲ್ಲೇ ಉಳಿಯುತ್ತದೆ. ಆದ್ದರಿಂದ ಪ್ರತಿ ಭೇಟಿಗೂ ಪಂಪನ್ನು ಒಯ್ದು, ವೈದ್ಯರ ಅಥವಾ ಶುಶ್ರೂಷಕಿಯ ಎದುರಿಗೇ ಎಳೆದು ತೋರಿಸಿ. ಒತ್ತುವ ಪಂಪಾದರೆ ಚೆನ್ನಾಗಿ ಅಲ್ಲಾಡಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಒಳಗೆಳೆಯಲು ಆರಂಭಿಸುವಾಗಲೇ ಒತ್ತಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಎರಡನೆಯ ಸಲ ಎಳೆಯುವ ಮೊದಲು ಅರ್ಧ ನಿಮಿಷದಿಂದ ಒಂದು ನಿಮಿಷ ಬಿಡಬೇಕು. ಕೈ ಮತ್ತು ಉಸಿರು ಹೊಂದದ ವಯಸ್ಸಾದವರಿಗೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಇಡುವ ಕೊಳವೆ, ಕೇಳಿ. ಕ್ಯಾಪ್ಸೂಲ್ ಹಾಕುವ ಪುಡಿಯ ಸಾಧನವನ್ನು ಮಾತ್ರ ಇದಕ್ಕೆ ವಿರುದ್ಧವಾಗಿ ಜೋರಾಗಿ, ಆಳವಾಗಿ ಎಳೆಯಬೇಕು, ಅದರೊಳಗೆ ಊದಬಾರದು. ಸ್ಟೀರಾಯ್ಡ್ ಇರುವ ಪಂಪಾದರೆ ಬಾಯಿ ಮುಕ್ಕಳಿಸಿ ನೀರು ಉಗುಳಬೇಕು.

ಹೊರಡುವ ಮೊದಲು ಮೂರು ವಿಷಯ ಕೇಳಿ: ದಿನವೂ ತೆಗೆದುಕೊಳ್ಳುವ ಪಂಪು ಯಾವುದು, ದಮ್ಮು ಹೆಚ್ಚಾದಾಗಿನದು ಯಾವುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬೇಕೇ. ಬೀಡಿ ಬಿಡಲು ನೆರವು ಬೇಕೆಂದು ಬಾಯಿಬಿಟ್ಟು ಕೇಳಿ, ಏಕೆಂದರೆ ಶ್ವಾಸಕೋಶ ಕುಗ್ಗುವ ವೇಗವನ್ನು ತಗ್ಗಿಸುವಲ್ಲಿ ಅದರಷ್ಟು ನೆರವಾಗುವ ಔಷಧವಿಲ್ಲ. ಕಬ್ಬಿನ ರವದಿ ಸುಡುವ ಚಳಿಗಾಲದ ತಿಂಗಳುಗಳು ಬರುವ ಮುನ್ನವೇ ಮುಂದಿನ ಭೇಟಿ ಗೊತ್ತುಮಾಡಿಕೊಳ್ಳಿ.

ಕಫ ಹೆಚ್ಚಿ ಹಸಿರು ಅಥವಾ ಹಳದಿಗೆ ತಿರುಗಿದರೆ ಅದೇ ದಿನ ಕೇಂದ್ರಕ್ಕೆ ಹೋಗಿ. ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಸಿಬ್ಬಂದಿಗೆ ಇದು ಸಿಒಪಿಡಿ ಎಂದು ಮೊದಲೇ ತಿಳಿಸಬೇಕು, ಏಕೆಂದರೆ ಈ ರೋಗಿಗಳಲ್ಲಿ ಸಾಮಾನ್ಯವಾಗಿ ರಕ್ತದ ಆಮ್ಲಜನಕದ ಮಟ್ಟವನ್ನು ಶೇಕಡಾ 88ರಿಂದ 92ರ ನಡುವೆ ಇರಿಸುತ್ತಾರೆ. ಅಳತೆಯಿಲ್ಲದೆ ಹೆಚ್ಚು ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ರೋಗಿ ಎಚ್ಚರ ತಪ್ಪಬಹುದು.