ದನ ಸತ್ತ ಹೊಲದಲ್ಲಿ ಪೊಲೀಸರು, ಪಶುವೈದ್ಯರು: ಜಂಟಿ ತರಬೇತಿಯ ನನ್ನ ಅನುಭವ

ಕಲಬುರಗಿ ಕಡೆ ಒಂದೇ ಹೊಲದಲ್ಲಿ ಮೂರ್ನಾಲ್ಕು ದನ ಸತ್ತರೆ ಠಾಣೆಗೆ ಬರುವ ದೂರು "ಯಾರೋ ವಿಷ ಹಾಕ್ಯಾರ್ರಿ" ಅಂತಲೇ. ಪಶುವೈದ್ಯರಿಗೆ ಹೊಳೆಯುವುದು ನೆರಡಿ ರೋಗ (ಆಂಥ್ರಾಕ್ಸ್), ಇಲ್ಲವೇ ಎಳೆ ಜೋಳದ ಗರಿಯಲ್ಲಿರುವ ಸಯನೈಡ್ ವಿಷ. ತರಬೇತಿಯಲ್ಲಿ ಇಬ್ಬರಿಗೂ ಮೊದಲು ರೂಢಿ ಮಾಡಿಸುವುದು ಒಂದೇ: ಸತ್ತ ದನದ ರಕ್ತ ಸವರಿದ ಗಾಜಿನ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ ಹೊಟ್ಟೆ ಕೊಯ್ಯಬಾರದು.

ನೆರಡಿಯಾಗಿದ್ದರೆ, ಕೊಯ್ದಾಗ ರೋಗಾಣು ಗಾಳಿಗೆ ಬಂದು ಬೀಜಕಣ (ಬೇಗ ಸಾಯದ ಗಟ್ಟಿ ಕವಚದ ರೂಪ) ಕಟ್ಟುತ್ತದೆ. ಆ ಮಣ್ಣು ದಶಕಗಟ್ಟಲೆ ಅಪಾಯ. ಕೈಗವಸು, ಮಾಸ್ಕ್ ಹಾಕಿ ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು, ಸ್ಲೈಡಿಗೆ ಸವರಿ, ಪಾಲಿಕ್ರೋಮ್ ಮೆಥಿಲಿನ್ ಬ್ಲೂ ಎಂಬ ಬಣ್ಣ ಹಾಕಿ ನೋಡಬೇಕು. ನೀಲಿ ಕಡ್ಡಿಗಳಂತೆ ಕಾಣುವ ರೋಗಾಣುಗಳ ಸುತ್ತ ಗುಲಾಬಿ ಪೊರೆ ಕಂಡರೆ ಶವಪರೀಕ್ಷೆಯ ಮಾತೇ ಇಲ್ಲ: ಆರಡಿ ಗುಂಡಿ, ಸುಣ್ಣ, ಸುತ್ತ ಬೇಲಿ. ನಮ್ಮ ಬಿಸಿಲಿಗೆ ಹೆಣ ಬೇಗ ಕೊಳೆತು ಆ ಪೊರೆ ಹೋಗಿಬಿಡುತ್ತದೆ. ಪಂಚರಿಗಾಗಿ (ಪಂಚನಾಮೆಯ ಸಾಕ್ಷಿಗಳಿಗಾಗಿ) ಕಾಯುತ್ತ ಕೂತರೆ ಆಗದು. ಕಾನ್ಸ್‌ಟೆಬಲ್ ವಿಡಿಯೊ ಮಾಡುತ್ತಿರಲಿ, ವೈದ್ಯರು ರಕ್ತ ತೆಗೆಯಲಿ.

ನೆರಡಿ ಅಲ್ಲವೆಂದಾದರೆ ಶವಪರೀಕ್ಷೆ. ಕೇಸು ಹೆಚ್ಚಾಗಿ ಕೆಡುವುದು ಇಲ್ಲೇ. ಯಕೃತ್ತು ಮೂರು ಪಾಲಾಗಬೇಕು. ವಿಷ ಪರೀಕ್ಷೆಗೆ ಸುಮಾರು 500 ಗ್ರಾಂ, ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿನಲ್ಲಿ. ರೋಗಾಣು ಬೆಳೆಸಿ ನೋಡಲು ಒಂದು ತುಂಡು, ಏನೂ ಹಾಕದೆ ಐಸ್ ಪೆಟ್ಟಿಗೆಯಲ್ಲಿ. ಅಂಗಾಂಶ ಪರೀಕ್ಷೆಗೆ ತೆಳು ತುಂಡು, ಅದರ 10 ಪಟ್ಟು 10% ಫಾರ್ಮಾಲಿನ್‌ನಲ್ಲಿ. ಎಲ್ಲವನ್ನೂ ಫಾರ್ಮಾಲಿನ್‌ಗೆ ಮುಳುಗಿಸಿದರೆ ವಿಷವೂ ಸಿಗದು, ರೋಗಾಣುವೂ ಬೆಳೆಯದು. ವಿಷ ಆ ಉಪ್ಪುನೀರಿನದ್ದಲ್ಲ ಎಂದು ತೋರಿಸಲು, ಅಂಗ ಹಾಕದ ಅದೇ ಉಪ್ಪುನೀರಿನ ಮಾದರಿಯೂ ಬೇರೆ ಬಾಟಲಿಯಲ್ಲಿ ಹೋಗಬೇಕು. ಗ್ಯಾಸ್ ಕಟ್ಟಿ ಮುಚ್ಚಳ ಹಾರುತ್ತದೆ, ಹಾಗಾಗಿ ಬಾಟಲಿಯನ್ನು ಮುಕ್ಕಾಲಿಗಿಂತ ಕಡಿಮೆಯೇ ತುಂಬಿ.

ಒದ್ದೆ ಬಾಟಲಿಗೆ ಅರಗು ಹಿಡಿಯದು. ಒರೆಸಿ, ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ ಮೇಲೆ ಐಸ್. ಚೀಟಿ ಪೆನ್ಸಿಲ್‌ನಲ್ಲಿ, ಪೆನ್ನಿನ ಶಾಯಿ ನೀರಿಗೆ ಹರಡುತ್ತದೆ. ಪಂಚನಾಮೆಯಲ್ಲಿ "ಕೆಂಪು ಆಕಳು" ಎಂದು ಬರೆದು ಬಿಡಬಾರದು, ದನದ ಕಿವಿಗೆ ಹಾಕಿದ ಗುರುತಿನ ಓಲೆಯ (ಟ್ಯಾಗ್) 12 ಅಂಕಿ ಬೇಕು. ಅಭ್ಯಾಸದಲ್ಲಿ ಪಿಎಸ್ಐ ಕೈಗೆ ಬಾಟಲಿ, ವೈದ್ಯರ ಕೈಗೆ ಪಂಚನಾಮೆ ಕೊಡುತ್ತೇವೆ. ಒಬ್ಬರ ಕೆಲಸದ ಕಷ್ಟ ಇನ್ನೊಬ್ಬರಿಗೆ ತಿಳಿಯಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ವಿಚಾರಣೆ ಇಬ್ಬರೂ ಕೂಡಿಯೇ ಮಾಡಬೇಕು. "ಯಾರ ಮ್ಯಾಲ ಅನುಮಾನ?" ಎಂದು ಮೊದಲೇ ಕೇಳಿದರೆ ಬದುವಿನ ಜಗಳದವನ ಹೆಸರು ಬರುತ್ತದೆ, ಆಮೇಲೆ ಹೇಳಿಕೆ ಅದರ ಸುತ್ತಲೇ ತಿರುಗುತ್ತದೆ. "ಕಾಕಾ, ನಿನ್ನೆ ದನ ಯಾವ ಹೊಲದಾಗ ಮೇದವ್ರಿ?" ಎಂದು ಶುರು ಮಾಡಿ. ಒಣಗಿ ನಿಂತು ಮಳೆಗೆ ಮತ್ತೆ ಚಿಗುರಿದ ಕೂಳೆ ಜೋಳ ಆ ಹೊಲದಲ್ಲಿದ್ದರೆ ಅದರ ಗರಿಯನ್ನೂ ಹೊಟ್ಟೆಯ ಮೇವನ್ನೂ ಗಾಳಿಯಾಡದ ಡಬ್ಬಿಗಳಲ್ಲಿ ಬೇರೆಬೇರೆಯಾಗಿ ಹಾಕಿ ಕೂಡಲೇ ಫ್ರೀಜ್ ಮಾಡಿಸಿ. ಸಯನೈಡ್ ಬೇಗ ಆರಿಹೋಗುತ್ತದೆ.