ಮೈಸೂರು–ಮಂಡ್ಯ ಲಿಂಕಿಗೆ ಓಎಸ್‌ಪಿಎಫ್ ಹಾಕುವ ಕ್ರಮ

ಮೈಸೂರಿನಲ್ಲಿ ಮುಖ್ಯ ಕಚೇರಿ, ಮಂಡ್ಯದಲ್ಲೂ ಶ್ರೀರಂಗಪಟ್ಟಣದಲ್ಲೂ ಒಂದೊಂದು ಶಾಖೆ, ಮೂರರ ನಡುವೆಯೂ ಫೈಬರ್ ಇದೆ ಎಂದಿಟ್ಟುಕೊಳ್ಳಿ. ರಸ್ತೆ ಬದಿಯಲ್ಲಿ ಜೆಸಿಬಿ ಅಗೆದು ಮೈಸೂರು–ಮಂಡ್ಯ ಫೈಬರ್ ತುಂಡಾಯಿತು. ರೌಟರ್‌ಗೆ ಸಿಕ್ಕಿಸಿರುವುದು ಪಕ್ಕದಲ್ಲಿರುವ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ಆದ್ದರಿಂದ ಪೋರ್ಟಿನ ದೀಪ ಎಷ್ಟೋ ಸಲ ಆರುವುದೇ ಇಲ್ಲ. ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದಿಟ್ಟ ದಾರಿ) ಇದ್ದರೆ ಪ್ಯಾಕೆಟ್‌ಗಳೆಲ್ಲ ಆ ಸತ್ತ ದಾರಿಗೇ ಹೋಗುತ್ತಿರುತ್ತವೆ. ಓಎಸ್‌ಪಿಎಫ್ (ರೌಟರ್‌ಗಳು ತಾವೇ ಮಾತಾಡಿಕೊಂಡು ದಾರಿ ಆರಿಸುವ ಪ್ರೊಟೊಕಾಲ್) ಹಾಗಲ್ಲ: 10 ಸೆಕೆಂಡಿಗೊಮ್ಮೆ ಹಲೋ ಎಂಬ ಸಣ್ಣ ಸಂದೇಶ ಕಳಿಸುತ್ತದೆ, 40 ಸೆಕೆಂಡು ಎದುರಿನಿಂದ ಹಲೋ ಬಾರದಿದ್ದರೆ ಶ್ರೀರಂಗಪಟ್ಟಣದ ದಾರಿ ಹಿಡಿಯುತ್ತದೆ.

ಸಿಸ್ಕೋ ಐಓಎಸ್‌ನಲ್ಲಿ ಮೈಸೂರಿನ ರೌಟರ್‌ಗೆ ಹೀಗೆ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ):

ರೌಟರ್ ಓಎಸ್‌ಪಿಎಫ್ 1
ರೌಟರ್-ಐಡಿ 1.1.1.1
ಪ್ಯಾಸಿವ್-ಇಂಟರ್‌ಫೇಸ್ ಗಿಗಾಬಿಟ್‌ಈಥರ್ನೆಟ್ 0/0
ನೆಟ್‌ವರ್ಕ್ 10.10.1.0 0.0.0.3 ಏರಿಯಾ 0
ನೆಟ್‌ವರ್ಕ್ 10.10.2.0 0.0.0.3 ಏರಿಯಾ 0
ನೆಟ್‌ವರ್ಕ್ 192.168.10.0 0.0.0.255 ಏರಿಯಾ 0

ಮೊದಲೆರಡು ನೆಟ್‌ವರ್ಕ್ ಸಾಲು ಫೈಬರ್ ಲಿಂಕುಗಳದ್ದು, ಮೂರನೆಯದು ಕಚೇರಿಯ ಲ್ಯಾನ್‌ನದು. ಏರಿಯಾ ಎಂದರೆ ರೌಟರ್‌ಗಳ ಗುಂಪು. 0.0.0.3 ಎನ್ನುವುದು ವೈಲ್ಡ್‌ಕಾರ್ಡ್, ಸಬ್‌ನೆಟ್ ಮಾಸ್ಕ್‌ನ (255.255.255.252) ತಿರುವು. 0/0 ಕಚೇರಿಯ ಲ್ಯಾನ್ ಕಡೆಯ ಪೋರ್ಟ್. ಅಲ್ಲಿ ಹಲೋ ಬೇಡವಾದ್ದರಿಂದ ಪ್ಯಾಸಿವ್. ಉಳಿದೆರಡು ರೌಟರ್‌ಗಳಿಗೂ ಅವುಗಳ ವಿಳಾಸಕ್ಕೆ ತಕ್ಕಂತೆ ಹೀಗೇ ಬರೆಯಿರಿ. ಪ್ರತಿಯೊಂದಕ್ಕೂ ಬೇರೆ ರೌಟರ್-ಐಡಿ ಇರಲೇಬೇಕು. ಫೈಬರ್ ಇರುವ ಪ್ರತಿ ಪೋರ್ಟಿನಲ್ಲೂ, ಎರಡೂ ತುದಿಯಲ್ಲಿ, 'ಐಪಿ ಓಎಸ್‌ಪಿಎಫ್ ನೆಟ್‌ವರ್ಕ್ ಪಾಯಿಂಟ್-ಟು-ಪಾಯಿಂಟ್' ಕೊಡಿ. ಒಂದೇ ತುದಿಗೆ ಕೊಟ್ಟು ಬಿಟ್ಟರೆ ಬಹಳ ಕಾಡುತ್ತದೆ: ನೇಬರ್ (ಎದುರಿನ ರೌಟರ್) ಫುಲ್, ಅಂದರೆ ಪೂರ್ತಿ ಜೋಡಿಯಾಗಿದೆ, ಎಂದೇ ತೋರಿಸುತ್ತದೆ, ರೂಟ್ ಮಾತ್ರ ರೌಟಿಂಗ್ ಟೇಬಲ್‌ಗೆ (ದಾರಿಗಳ ಪಟ್ಟಿಗೆ) ಬರುವುದಿಲ್ಲ.

'ಶೋ ಐಪಿ ಓಎಸ್‌ಪಿಎಫ್ ನೇಬರ್' ಹೊಡೆದು ನೋಡಿ. ಪಟ್ಟಿ ಖಾಲಿಯಿದ್ದರೆ ಏರಿಯಾ, ಹಲೋ ಟೈಮರ್, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇವೆಯೇ, ಆಕ್ಸೆಸ್ ಲಿಸ್ಟ್ (ಪ್ಯಾಕೆಟ್ ಸೋಸುವ ನಿಯಮ) ಪ್ರೊಟೊಕಾಲ್ 89ನ್ನು, ಅಂದರೆ ಓಎಸ್‌ಪಿಎಫ್ ಅನ್ನು, ತಡೆದಿದೆಯೇ ಎಂದು ಪರೀಕ್ಷಿಸಿ. ಫುಲ್‌ಗೆ ಮುಂಚಿನ ಎಕ್ಸ್‌ಸ್ಟಾರ್ಟ್ ಹಂತದಲ್ಲೇ ನಿಂತಿದ್ದರೆ ಸಾಮಾನ್ಯವಾಗಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ತಪ್ಪು, ಒಂದು ಕಡೆ 1500, ಇನ್ನೊಂದು ಕಡೆ ಅದಕ್ಕಿಂತ ಕಡಿಮೆ. ಎಂಟಿಯು-ಇಗ್ನೋರ್ ಹಾಕಿ ಮುಚ್ಚಿಡಬೇಡಿ, ಸಂಖ್ಯೆಯನ್ನೇ ಸರಿಮಾಡಿ.

ಮೂರೂ ಕಡೆ ಫುಲ್ ಬಂದಮೇಲೆ 'ರೈಟ್ ಮೆಮೊರಿ' ಕೊಟ್ಟು ಉಳಿಸಿ, ನಂತರವೇ ಹಳೆಯ ಸ್ಟ್ಯಾಟಿಕ್ ರೂಟ್ ತೆಗೆಯಿರಿ. ಸ್ಟ್ಯಾಟಿಕ್‌ನ ಡಿಸ್ಟೆನ್ಸ್ 1, ಓಎಸ್‌ಪಿಎಫ್‌ನದು 110. ಡಿಸ್ಟೆನ್ಸ್ ಕಡಿಮೆಯಿರುವ ರೂಟನ್ನೇ ರೌಟರ್ ಆರಿಸುತ್ತದೆ. ಹಳೆಯದು ಇರುವವರೆಗೂ ಹೊಸದಕ್ಕೆ ಸರದಿ ಬರುವುದಿಲ್ಲ. ಮಂಡ್ಯದ ರೌಟರನ್ನು ಮೈಸೂರಿನಲ್ಲಿ ಕೂತು ಬದಲಿಸುವುದಾದರೆ ಮೊದಲು 'ರಿಲೋಡ್ ಇನ್ 10' ಕೊಡಿ. ಸಂಪರ್ಕ ಕಡಿದುಹೋದರೂ 10 ನಿಮಿಷಕ್ಕೆ ಅದು ಉಳಿಸಿಟ್ಟ ಕಾನ್ಫಿಗ್‌ನೊಂದಿಗೆ ಮತ್ತೆ ಏಳುತ್ತದೆ. ಎಲ್ಲ ಸರಿಯಿದ್ದರೆ 'ರಿಲೋಡ್ ಕ್ಯಾನ್ಸಲ್', ಮತ್ತೊಮ್ಮೆ 'ರೈಟ್ ಮೆಮೊರಿ'.

ಪರೀಕ್ಷೆಗೆ ರೌಟರಿನ ಕೇಬಲ್ ಕೀಳಬೇಡಿ. ಕಿತ್ತ ತಕ್ಷಣ ಪೋರ್ಟ್ ಡೌನ್ ಆಗಿ ದಾರಿ ಬದಲಾಗುತ್ತದೆ, ಜೆಸಿಬಿ ಕಡಿದಾಗಿನ ಸ್ಥಿತಿ ಅದಲ್ಲ. ಮಂಡ್ಯದಿಂದ ಪಿಂಗ್ (ಎದುರಿನಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್) ಓಡಿಸುತ್ತಾ ಕನ್ವರ್ಟರ್‌ನ ಹಿಂದಿನ ಫೈಬರ್ ತೆಗೆಯಿರಿ. ಪಿಂಗ್ ನಿಂತು ಸುಮಾರು 40 ಸೆಕೆಂಡಿನೊಳಗೆ ಮತ್ತೆ ಬರಬೇಕು. ಅಷ್ಟು ಕಾಯಲಾಗದಿದ್ದರೆ ಎರಡೂ ತುದಿಯಲ್ಲಿ 'ಐಪಿ ಓಎಸ್‌ಪಿಎಫ್ ಹಲೋ-ಇಂಟರ್ವಲ್ 1' ಕೊಡಿ, ಡೆಡ್ ಟೈಮರ್ (ಹಲೋಗೆ ಕಾಯುವ ಆ 40 ಸೆಕೆಂಡು) ತಾನಾಗಿ 4 ಸೆಕೆಂಡಿಗೆ ಇಳಿಯುತ್ತದೆ.